ಹನ್ನೆರಡನೇ ಸುತ್ತಿನ ಹುಡುಗರು

ಮದುವೆಯಾದ ಹೊಸದರಲ್ಲಿ ನನ್ನ ಗಂಡ ಥರ್ಮನ್ ಗೋಯಿನ್ಸ್ ನನ್ನನ್ನು ಹೋಟೆಲಿಗೆ ಕರೆದುಕೊಂಡು ಹೋದದ್ದು ಕಡಿಮೆ, ಫುಟ್‌ಬಾಲ್ ಮೈದಾನಕ್ಕೆ ಕರೆದುಕೊಂಡು ಹೋದದ್ದೇ ಹೆಚ್ಚು. ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ, ಅಡ್ಡ ಬಂದವರನ್ನು ಕೆಡವುವ ನಮ್ಮ ಅಮೆರಿಕದ ಫುಟ್‌ಬಾಲ್. ಮೈದಾನವಾದರೂ ಎಂಥದ್ದು? ಒಂದು ಬದಿಗೆ ಹಲಗೆಯ ಮೆಟ್ಟಿಲು, ಇನ್ನೊಂದು ಬದಿಗೆ ಹತ್ತಿ ಹೊಲ. ಚೆಂಡು ಹೊಲಕ್ಕೆ ಬಿದ್ದರೆ ಆಟ ನಿಲ್ಲಿಸಿ ಎರಡೂ ಕಡೆಯವರು ಕೂಡಿ ಹುಡುಕಬೇಕು. ಮಿಸಿಸಿಪ್ಪಿ, ಅಲಬಾಮಾ, ಲೂಯಿಸಿಯಾನಾದಲ್ಲಿ ನಮ್ಮ ಕಪ್ಪು ಮಕ್ಕಳು ಓದುವ ಇಂಥ ಸಣ್ಣ ಕಾಲೇಜುಗಳ ದಾರಿಯೆಲ್ಲ ಥರ್ಮನ್‌ಗೆ ಅಂಗೈ ಗೆರೆಯಿದ್ದ ಹಾಗೆ. ಯಾವ ತಿರುವಿನಲ್ಲಿ ಒಳ್ಳೆ ಹುರಿದ ಮೀನು ಸಿಗುತ್ತದೆ, ಯಾವ ಊರಿನ ಪೊಲೀಸ್ ಸುಮ್ಮಸುಮ್ಮನೆ ಕಾರು ನಿಲ್ಲಿಸುತ್ತಾನೆ, ಅದೂ ಗೊತ್ತಿತ್ತು.

ಅದು ಅವರ ಹೊಟ್ಟೆಪಾಡು. ಉತ್ತರದ ಹಿಮ ಸುರಿಯುವ ಊರೊಂದರ ದೊಡ್ಡ ತಂಡಕ್ಕೆ ಅವರು ನಮ್ಮ ದಕ್ಷಿಣದಿಂದ ಆಟಗಾರರನ್ನು ಹುಡುಕಿಕೊಡುತ್ತಿದ್ದರು. ವರ್ಷಕ್ಕೊಮ್ಮೆ, ಚಳಿ ಮುಗಿದ ಮೇಲೆ, ಎಲ್ಲ ತಂಡಗಳೂ ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುತ್ತವೆ. ಅದೇ ಡ್ರಾಫ್ಟ್. ಆಗೆಲ್ಲ ಹನ್ನೆರಡು ಸುತ್ತು ನಡೆಯುತ್ತಿತ್ತು. ಮೊದಲ ಸುತ್ತಿನಲ್ಲಿ ಬರುವ ಹೆಸರು ದಾರಿಹೋಕನಿಗೂ ಗೊತ್ತು. ಕೊನೆಕೊನೆಯ ಸುತ್ತುಗಳು ಬರುವಷ್ಟರಲ್ಲಿ ಪತ್ರಿಕೆಯವರು ಎದ್ದು ಹೋಗಿರುತ್ತಿದ್ದರು, ಕೋಚ್‌ಗಳು ಆಕಳಿಸುತ್ತಿದ್ದರು. ನಮ್ಮನೆಯವರು ಅಂಗಿಯ ತೋಳು ಮಡಚಿಕೊಳ್ಳುತ್ತಿದ್ದದ್ದೇ ಆಗ.

"ಮೊದಲ್ನೇ ಸುತ್ತಿನವನನ್ನ ಕುರುಡನೂ ತೋರಿಸ್ತಾನೆ ಕಣೇ ಅರ್ಲೀನ್," ಅನ್ನುತ್ತಿದ್ದರು. "ಅದಕ್ಕೆ ನಾನ್ಯಾಕೆ ಕಾರು ಸವೆಸ್ಬೇಕು?"

ನಾನು ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದೆ. ಶನಿವಾರ ನನಗೆ ರಜೆ, ಕಾಲೇಜು ಆಟಗಳೂ ಶನಿವಾರವೇ. ಹಾಗಾಗಿ ರೋಜೆಲ್ ಟೇಟ್‌ನನ್ನು ಮೊದಲು ಕಂಡ ದಿನ ನಾನೂ ಜೊತೆಯಲ್ಲೇ ಇದ್ದೆ.

ಅಂದು ಬೆಳಗಿನಿಂದ ಜಡಿಮಳೆ. ಎದುರು ತಂಡದಲ್ಲಿ ಚೆಂಡು ಹಿಡಿದು ಗೂಳಿಯಂತೆ ನುಗ್ಗುವ ಒಬ್ಬ ಪ್ರಖ್ಯಾತ ಓಟಗಾರನಿದ್ದ. ಅವನನ್ನು ನೋಡಲೆಂದು ಬೇರೆ ಬೇರೆ ತಂಡಗಳ ಮಂದಿ ಬಂದಿದ್ದರು. ಅರ್ಧ ಆಟದಲ್ಲೇ ಆತಿಥೇಯ ಕಾಲೇಜು ಸೋತು ಸುಣ್ಣವಾಗಿತ್ತು. ಬಂದವರೆಲ್ಲ ಓಟಗಾರನನ್ನು ನೋಡಿದ್ದಾಯಿತೆಂದು ಕಾರು ಹತ್ತಿ ಹೊರಟರು. ನಮ್ಮ ಕೊಡೆಯ ಒಂದು ಕಡ್ಡಿ ಮುರಿದು ನೀರು ಸರಿಯಾಗಿ ನನ್ನ ಕತ್ತಿನೊಳಗೆ ಇಳಿಯುತ್ತಿತ್ತು.

"ನಡೀರಿ ಮನೆಗೆ ಹೋಗೋಣ. ಇನ್ನೇನಿದೆ ನೋಡೋಕೆ?" ಅಂದೆ.

"ಈಗ ತಾನೇ ಶುರು. ಗೆಲ್ಲೋ ಆಸೆ ಹೋದ್ಮೇಲೆ ಯಾರ್ಯಾರು ಹೇಗಾಡ್ತಾರೆ ಅಂತ ನೋಡ್ಬೇಕು."

"ನನಗೆ ಶೀತ ಆಗ್ತಿದೆ. ಅದನ್ನೂ ಸ್ವಲ್ಪ ನೋಡಿ."

ಅವರು ತಮ್ಮ ಕೋಟು ಬಿಚ್ಚಿ ನನ್ನ ಹೆಗಲಿಗೆ ಹೊದಿಸಿದರು. ಕಣ್ಣು ಮಾತ್ರ ಮೈದಾನದಿಂದ ಕೀಳಲಿಲ್ಲ. ಸೋಲುವ ತಂಡದಲ್ಲಿ ಒಬ್ಬ ಸಪೂರ, ಉದ್ದ ಕೈಗಳ ಹುಡುಗ ಆ ಗೂಳಿಗೆ ಅಡ್ಡ ಬೀಳುತ್ತಲೇ ಇದ್ದ. ಬಿದ್ದಾಗಲೆಲ್ಲ ಅವನ ಮೇಲೆ ನಾಲ್ಕೈದು ಜನ ಗುಡ್ಡೆಯಾಗುತ್ತಿದ್ದರು. ಗುಡ್ಡೆ ಕರಗಿದ ಮೇಲೆ ನೋಡಿದರೆ ಇವನು ನಿಂತಿರುತ್ತಿದ್ದ.

"ನೋಡ್ದಾ? ಕೈ ಊರ್ದೆ ಎದ್ದ!" ಥರ್ಮನ್ ನನ್ನ ಮೊಣಕೈ ಹಿಂಡಿದರು. "ಆ ಕೆಸರಲ್ಲಿ, ಅಷ್ಟು ಜನ ಮೇಲೆ ಬಿದ್ದಿದ್ರೂ, ಬರೀ ಸೊಂಟ ತೊಡೆ ಬಲದ ಮೇಲೆ ಎದ್ದ."

"ಎದ್ದ, ಸರಿ. ಅದಕ್ಕೆ ನನ್ನ ಕೈ ಯಾಕ್ರೀ ಮುರೀತೀರಾ?"

ಆಟ ಮುಗಿದ ಮೇಲೆ ಹುಡುಗನನ್ನು ಮಾತಾಡಿಸಿದರು. ಹೆಸರು ರೋಜೆಲ್. ಹೆಲ್ಮೆಟ್ ತೆಗೆದಾಗ ಹಣೆಯ ಮೇಲೆಲ್ಲ ಕೆಸರು, ನಾಚಿಕೆಯಿಂದ ತಲೆ ತಗ್ಗಿಸಿಕೊಂಡಿದ್ದ. ಅವನ ಕೋಚ್‌ಗೇ ಆಶ್ಚರ್ಯ. "ಇವನನ್ನ ಕೇಳ್ಕೊಂಡು ಇದುವರೆಗೆ ಯಾರೂ ಬಂದಿಲ್ಲ ಥರ್ಮನ್. ಮೈಯಲ್ಲಿ ಮಾಂಸವೇ ಇಲ್ಲ." ಮಾತು ನಿಜ. ಅವನು ಆಡುವ ಜಾಗಕ್ಕೆ ಬೇಕಾದದ್ದು ಬಂಡೆಯಂಥ ಮೈ. ಇವನು ಬೇಲಿ ಗೂಟದ ಹಾಗಿದ್ದ.

ಮುಂದಿನ ಶನಿವಾರ ನಾವು ಪಿಕೆಟ್ಸ್ ಫೆರಿಗೆ ಹೋದೆವು. ಅದು ನದಿ ದಂಡೆಯ ಹಳ್ಳಿ. ರೋಜೆಲ್‌ನನ್ನು ಸಾಕಿದ್ದು ಅವನ ಅಜ್ಜಿ, ಮಿಸ್ ಅಜಲೀ. ಊರಿಗೆಲ್ಲ ಅವಳು ಅಜಲೀ ಅಜ್ಜಿ. ಬಾಗಿಲಿಗೆ ಬಂದು ನಿಂತಳು, ಚೌಕಟ್ಟು ತುಂಬಿಹೋಯಿತು. ಥರ್ಮನ್ ಟೋಪಿ ತೆಗೆದು ನಮಸ್ಕಾರ ಹೇಳಿದವರೇ ಅವಳ ಮಣಿಕಟ್ಟು ನೋಡಿದರು, ಆಮೇಲೆ ಕಾಲು. ನೋಡುತ್ತಲೇ ನಿಂತುಬಿಟ್ಟರು.

"ಅಜ್ಜಿ, ತಪ್ಪು ತಿಳ್ಕೋಬೇಡಿ. ನಿಮ್ಮ ಬೂಟು ಎಷ್ಟು ನಂಬರು?"

ಅಜ್ಜಿ ನನ್ನ ಕಡೆ ತಿರುಗಿದಳು. "ಏನಮ್ಮಾ, ನಿನ್ನ ಗಂಡ ಎಲ್ಲಾ ಹೆಂಗಸರ ಕಾಲೂ ಹಿಂಗೇ ನೋಡ್ತಾನಾ, ಇಲ್ಲಾ ನನ್ನದೊಂದೇನಾ?"

"ಹುಡುಗ ಇನ್ನೂ ಬೆಳೀತಾನಾ ಅಂತ ಅಳತೆ ತಗೋತಿದ್ದಾರೆ ಅಜ್ಜಿ," ಅಂದೆ. "ಮನೆಯವರ ಮೂಳೆ ನೋಡಿ ಮಗು ಎಷ್ಟು ದೊಡ್ಡೋನಾಗ್ತಾನೆ ಅಂತ ಹೇಳ್ತಾರೆ."

"ಹಾಗೋ? ಮೊದಲೇ ಹೇಳಿದ್ರೆ ಸ್ಟಾಕಿಂಗ್ ಬಿಚ್ಚಿ ತೋರಿಸ್ತಿದ್ದೆ. ಒಳಗೆ ಬನ್ನಿ, ಬೆಣ್ಣೆ ಅವರೆ ಬೇಯಿಸಿದ್ದೀನಿ."

ಒಳಗೆ ಕೂಡಿಸಿ ಹೊಟ್ಟೆ ಬಿರಿಯ ಬಡಿಸಿದಳು. ಆದರೆ ಉತ್ತರದ ಊರಿನ ಹೆಸರು ಬಂದದ್ದೇ ತಡ, ಅವಳ ಮುಖ ಮುಚ್ಚಿದ ಕಿಟಕಿಯ ಹಾಗಾಯಿತು. "ಆಟ ಆಡೋದಾದ್ರೆ ಇಲ್ಲೇ ಆಡ್ಲಿ. ಇಲ್ಲೂ ನೆಲ ಇದೆ," ಅಂದು ತಟ್ಟೆಗಳನ್ನು ಎತ್ತಿಕೊಂಡು ಹೋದಳು. ರೋಜೆಲ್ ಹೊರಗೆ ಕಾರಿನ ತನಕ ಬಂದವನು ಮೆಲ್ಲಗೆ ಹೇಳಿದ, "ನನಗೆ ಆಸೆ ಇದೆ ಸರ್. ಅಜ್ಜಿ ಬೇಡ ಅಂದ್ರೆ ಮಾತ್ರ ಆಗಲ್ಲ."

ಡ್ರಾಫ್ಟ್ ಬಂತು. ಥರ್ಮನ್ ಉತ್ತರಕ್ಕೆ, ತಂಡದ ಕಚೇರಿಗೆ ಹೋದರು. ಅಲ್ಲಿ ಆಯ್ಕೆಯ ಕೊನೆ ಮಾತು ಹೆನಿಗನ್ ಎಂಬವನದು. ಕೆಟ್ಟವನೇನಲ್ಲ, ತಾಳ್ಮೆ ಕಡಿಮೆ. ಹಿಂದಿನ ವರ್ಷ ಥರ್ಮನ್ ಹಟ ಮಾಡಿ ಕೊನೆಯ ಸುತ್ತಿನಲ್ಲಿ ಆರಿಸಿಸಿದ ಹುಡುಗ ಅಷ್ಟರಲ್ಲಾಗಲೇ ನೌಕಾಪಡೆ ಸೇರಿ ಹಡಗು ಹತ್ತಿಬಿಟ್ಟಿದ್ದ. ಕಚೇರಿಯಲ್ಲಿ ವರ್ಷವಿಡೀ ಅದೇ ನಗೆಚಾಟಿಕೆ. ಹಾಗಾಗಿ ಈ ಸಲ ಹೆನಿಗನ್ ಖಡಾಖಂಡಿತವಾಗಿ ಹೇಳಿದ್ದ: "ನಿನ್ನ ಬೇಲಿ ಗೂಟವನ್ನ ಆರಿಸೋಕೆ ಮುಂಚೆ ಅವನ ಮನೆಯವರ ಬಾಯಿಂದ ನಾನು 'ಹ್ಞೂಂ' ಅನ್ನೋದು ಕೇಳ್ಬೇಕು."

ಇದಕ್ಕೇ ಥರ್ಮನ್ ನನ್ನನ್ನು ಪಿಕೆಟ್ಸ್ ಫೆರಿಗೆ ಕಳಿಸಿದ್ದರು. "ಫೋನು ಬಂದಾಗ ಹುಡುಗ ಮನೇಲಿರೋ ಹಾಗೆ ನೋಡ್ಕೋ, ಅಷ್ಟೇ. ನಿನ್ನ ಕ್ಯಾರಮೆಲ್ ಕೇಕ್ ತಗೊಂಡು ಹೋಗು."

ಶಾಲೆಗೆ ರಜೆ ಹಾಕಿ, ಕೇಕು ಹಿಡಿದು ಹೋದೆ. ರೋಜೆಲ್ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಫೋನ್ ಮುಂದೆ ಸುಮಾರು ಹೊತ್ತು ಒದ್ದಾಡಿದವನು ಕೊನೆಗೆ, "ಬರಲ್ಲ ಅನ್ಸುತ್ತೆ ಅತ್ತೆ," ಅಂದು ಗಾಳ ಎತ್ತಿಕೊಂಡು ನದಿಗೆ ಹೊರಟೇಹೋದ. ನಾನು ಕೂಗಿದ್ದು ಅವನಿಗೆ ಕೇಳಿಸಿತೋ ಇಲ್ಲವೋ.

ಮಧ್ಯಾಹ್ನ ಇಳಿಯಿತು. ಫೋನಿನ ಸದ್ದಿಲ್ಲ. ಅಜ್ಜಿ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತ ಕೂತಿದ್ದಳು. ನಾನು ಹಜಾರಕ್ಕೆ ಹೋಗಿ ಫೋನಿನ ಮೇಲೆ ಹಾಸಿದ್ದ ಕಸೂತಿ ಬಟ್ಟೆ ಎತ್ತಿ ನೋಡಿದೆ. ರಿಸೀವರು ಪಕ್ಕದಲ್ಲಿ ತೆಗೆದಿಟ್ಟಿತ್ತು. ಅದರ ಮೇಲೊಂದು ದಿಂಬು. ಯಾರು ಎಲ್ಲಿಂದ ಕರೆದರೂ ಈ ಮನೆಯಲ್ಲಿ ಗಂಟೆ ಬಾರಿಸುವಂತಿರಲಿಲ್ಲ. ಅಲ್ಲಿ ನನ್ನ ಗಂಡ ಕರೆದು ಕರೆದು ಬೆರಳು ಸವೆಸಿಕೊಳ್ಳುತ್ತಿರಬೇಕು.

ಅದನ್ನು ಎತ್ತಿಡಲು ನನ್ನ ಕೈ ಹೋಯಿತು. ಆದರೆ ಮನೆ ಅವಳದು, ಮೊಮ್ಮಗ ಅವಳವನು. ಹಾಗೇ ಬಿಟ್ಟು ಅಡುಗೆಮನೆಗೆ ಬಂದು ಅವಳೆದುರು ಕೂತು ನಾನೂ ಬಟಾಣಿ ಸುಲಿಯತೊಡಗಿದೆ.

"ನೋಡ್ದೆ ಅಲ್ವಾ?" ಅಂದಳು ತಲೆಯೆತ್ತದೆ.

"ನೋಡ್ದೆ ಅಜ್ಜಿ."

"ಬೈಯೋದಿದ್ರೆ ಬೈದುಬಿಡು."

"ಬೈಯಲ್ಲ. ಯಾಕೆ ಅಂತ ಹೇಳಿ."

ಅವಳು ಒಂದು ಹಿಡಿ ಕಾಳು ಬೋಗುಣಿಗೆ ಸುರಿದಳು. "ಇವನಪ್ಪ ರೂಫಸ್ ಉಕ್ಕಿನ ಕೆಲಸ ಸಿಗುತ್ತೆ ಅಂತ ಉತ್ತರಕ್ಕೆ ಹೋದ. ಹೋಗೋವಾಗ ಇದೇ ಬಾಗಿಲಲ್ಲಿ ನಗ್ತಾ ನಿಂತಿದ್ದ. ಮೊದಲ್ನೇ ಚಳಿಗೇ ಎದೆಗೆ ಕಫ ಕಟ್ತು. ನನಗೆ ತಿಳಿಸೋರು ಯಾರೂ ಇರ್ಲಿಲ್ಲ. ರೈಲಿನಲ್ಲಿ ಶವದ ಪೆಟ್ಟಿಗೆ ಬಂತು. ಸ್ಟೇಷನ್ನಿನವನು ಹೇಳಿ ಕಳಿಸಿದಾಗ ಮಗ ಏನೋ ಸಾಮಾನು ಕಳಿಸಿದ್ದಾನೆ ಅಂದ್ಕೊಂಡು ಹೋದೆ ಕಣಮ್ಮಾ."

ಅವಳ ಬೆರಳು ಸುಲಿಯುತ್ತಲೇ ಇತ್ತು.

ಬೋಗುಣಿಯನ್ನು ಅವಳ ಹತ್ತಿರಕ್ಕೆ ಸರಿಸಿ ನಾನೆಂದೆ, "ಅಜ್ಜಿ, ನಾನು ಸುಳ್ಳು ಹೇಳಲ್ಲ. ನಮ್ಮನೆಯವರು ಕೊನೇ ಸುತ್ತಲ್ಲಿ ಆರಿಸೋ ಹುಡುಗರಲ್ಲಿ ಮುಕ್ಕಾಲು ಪಾಲು ತಂಡದಲ್ಲಿ ನಿಲ್ಲೋದೇ ಇಲ್ಲ. ಬೇಸಗೆ ತರಬೇತಿ ಮುಗಿಯೋಷ್ಟರಲ್ಲಿ ಹೊರಡು ಅಂತಾರೆ. ಬೇರೆಯವರು ಅಂಥವರ ಕೈಗೆ ಬಸ್ ಟಿಕೆಟ್ ಕೊಟ್ಟು ಕಳಿಸ್ತಾರೆ. ಥರ್ಮನ್ ಹಾಗಲ್ಲ. ತಾವೇ ಕಾರಲ್ಲಿ ಕೂರಿಸ್ಕೊಂಡು ಅವನ ಮನೆ ಬಾಗಿಲ ತನಕ ಬರ್ತಾರೆ. ಒಂದು ಸಲ ಒಬ್ಬ ಟೆನೆಸ್ಸೀಯಿಂದ ಅಲಬಾಮಾ ತನಕ ಅತ್ತಿದ್ನಂತೆ. ದಾರಿಯಲ್ಲಿ ಕಂಡ ಕಂಡ ಹೋಟೆಲಲ್ಲಿ ಪೀಚ್ ಪೈ ತಿನ್ನಿಸ್ತಾ ಕರ್ಕೊಂಡು ಬಂದ್ರು. ಅವನ ಅಮ್ಮನ ಎದುರು ನಿಂತು, 'ತಪ್ಪು ನಿಮ್ಮ ಮಗನದಲ್ಲ, ನನ್ನದು' ಅಂದ್ರು."

"ಚಳಿಯಲ್ಲಿ ಕಾಯಿಲೆ ಬಿದ್ರೆ?"

"ಮೊದಲು ನನಗೆ ಗೊತ್ತಾಗುತ್ತೆ. ನಾನೇ ಹೋಗ್ತೀನಿ."

ಅಜ್ಜಿ ನನ್ನನ್ನು ಅಳೆಯುವ ಹಾಗೆ ನೋಡಿದಳು. ಆಮೇಲೆ ಮೊಣಕಾಲಿನ ಮೇಲೆ ಕೈಯೂರಿ ಎದ್ದು ಹಜಾರಕ್ಕೆ ಹೋಗಿ, ದಿಂಬು ಎತ್ತಿ, ರಿಸೀವರನ್ನು ಅದರ ಜಾಗದಲ್ಲಿಟ್ಟಳು.

ಇಟ್ಟ ಕ್ಷಣವೇ ಗಂಟೆ ಹೊಡೆಯಿತು. ಅಜ್ಜಿ ಎತ್ತಿದಳು. ಆ ಕಡೆ ಚರ್ಚಿನ ಗೆಳತಿ. ಭಾನುವಾರದ ಭೋಜನಕ್ಕೆ ಯಾರು ಕೋಳಿ ತರಬೇಕು ಅನ್ನುವ ವಿಚಾರ.

"ಇಡೇ ಫೋನು!" ಅಜ್ಜಿ ಗದರಿದಳು. "ನಿನ್ನ ಕೋಳಿ ಹಾಳಾಗ್ಲಿ! ನನಗೆ ಉತ್ತರದಿಂದ ಕರೆ ಬರೋದಿದೆ!"

ಎರಡನೆಯ ಸಲ ಗಂಟೆ ಹೊಡೆದಾಗ ಥರ್ಮನ್ ಧ್ವನಿ ನನಗೆ ಬಾಗಿಲವರೆಗೂ ಕೇಳಿಸಿತು. ಅವರು ಆಗಲೇ ಅರ್ಧ ಅಳುತ್ತಿದ್ದರು. ಕೂಡಲೇ ಫೋನ್ ಹೆನಿಗನ್ ಕೈಗೆ ಹೋಯಿತು. ಅಜ್ಜಿ ರಿಸೀವರನ್ನು ಕಿವಿಯಿಂದ ದೂರ ಹಿಡಿದಿದ್ದರಿಂದ ಅವನ ಮಾತೂ ಸ್ಪಷ್ಟವಾಗಿ ಬರುತ್ತಿತ್ತು.

"ಅಮ್ಮಾ, ಹುಡುಗ ಎಲ್ಲಿ?"

"ಮೀನು ಹಿಡಿಯೋಕೆ ಹೋಗಿದ್ದಾನೆ."

"ಇವತ್ತಾ?"

"ಮೀನಿಗೆ ಇವತ್ತು ಡ್ರಾಫ್ಟ್ ಅಂತ ಗೊತ್ತಾ? ಏನು ಕೇಳ್ಬೇಕೋ ನನ್ನ ಕೇಳು. ಅವನ ಮಾತು ನನ್ನ ಬಾಯಲ್ಲಿದೆ."

"ಅವನಿಗೆ ನಮ್ಮ ತಂಡಕ್ಕೆ ಆಡೋ ಇಷ್ಟ ಇದೆಯಾ?"

"ಇದೆ. ಆದ್ರೆ ನನ್ನದೊಂದು ಮಾತು. ಭಾನುವಾರ ಅವನನ್ನ ಆಡಿಸ್ಬಾರ್ದು."

ವೃತ್ತಿ ತಂಡಗಳು ಆಡುವುದೇ ಭಾನುವಾರ. ನಾನು ಎರಡೂ ಕೈ ಜೋಡಿಸಿ ಅಜ್ಜಿಯನ್ನು ಬೇಡಿಕೊಂಡೆ. ಹೆನಿಗನ್ ಗಂಟಲು ಸರಿಮಾಡಿಕೊಂಡ. "ಅಮ್ಮಾ... ನಾವು ಭಾನುವಾರ ಬಿಟ್ಟು ಬೇರೆ ದಿನ ಆಡೋದು ಅಪರೂಪ."

"ಅಯ್ಯೋ ದೇವರೇ, ಅಷ್ಟೂ ಜನ ಧರ್ಮಗೆಟ್ಟೋರಾ?" ಅಜ್ಜಿ ಯೋಚಿಸಿದಳು. "ಹಾಗಾದ್ರೆ ಆಟಕ್ಕೆ ಮುಂಚೆ ಪ್ರಾರ್ಥನೆ ಮಾಡ್ಸು. ನೀನೂ ಕೂತ್ಕೋ. ನಿನ್ನ ಧ್ವನಿ ಕೇಳಿದ್ರೆ ನೀನು ಪ್ರಾರ್ಥನೆ ಮಾಡಿ ಬಹಳ ದಿನ ಆಗಿದೆ ಅನ್ಸುತ್ತೆ."

ಹೆನಿಗನ್ ನಕ್ಕದ್ದು ನನಗೆ ಕೇಳಿಸಿತು. ಹನ್ನೆರಡನೇ ಸುತ್ತಿನ ತುದಿಯಲ್ಲಿ ರೋಜೆಲ್ ಟೇಟ್ ಹೆಸರು ಕರೆದರು. ಹುಡುಗ ಸಂಜೆಗೆ ದೊಡ್ಡದೊಂದು ಮೀನು ಹಿಡಿದುಕೊಂಡು ಬಂದ. ವಿಷಯ ಕೇಳಿ ಮೀನು ಕೈಯಲ್ಲೇ ಹಿಡಿದು ನೆಲದ ಮೇಲೆ ಕೂತುಬಿಟ್ಟ. "ಕೂತಿದ್ದು ಸಾಕು, ಅದರ ಹುರುಪೆ ತೆಗಿ," ಅಂದಳು ಅಜ್ಜಿ, ಮುಖ ಆ ಕಡೆ ತಿರುಗಿಸಿಕೊಂಡು.

ಅಲ್ಲಿಗೆ ಕಥೆ ಸುಖವಾಗಿ ಮುಗಿಯಲಿಲ್ಲ. ಬೇಸಗೆಯ ಕೊನೆಗೆ ತಂಡದವರು ರೋಜೆಲ್‌ನನ್ನು ಕೈಬಿಟ್ಟರು. ಗುಂಡಿಗೆ ಇದೆ, ತೂಕ ಇಲ್ಲ ಅಂದರು. ಥರ್ಮನ್ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟರು. ಇವನು ಅಳಲೂ ಇಲ್ಲ, ಪೈ ತಿನ್ನಲೂ ಇಲ್ಲವಂತೆ. ನಾನು ದಾರಿಯಲ್ಲಿ ಅವರನ್ನು ಕೂಡಿಕೊಂಡೆ. ಅಜ್ಜಿ ಬಾಗಿಲಲ್ಲಿ ನಿಂತಿದ್ದಳು.

"ತಂದ್ಯಾ?" ಅಂದಳು.

"ತಂದೆ ಅಜ್ಜಿ," ಅಂದರು ಥರ್ಮನ್. ತಲೆ ಎತ್ತಲಿಲ್ಲ.

ಅವಳು ಮೊಮ್ಮಗನ ತೋಳು, ಬೆನ್ನು, ಎದೆ ಎಲ್ಲ ಒತ್ತಿ ಒತ್ತಿ ನೋಡಿದಳು. "ಎಲ್ಲಾದ್ರೂ ಮುರಿದಿದೆಯೇನೋ?"

"ಇಲ್ಲಜ್ಜಿ."

"ಹಾಗಾದ್ರೆ ಕೈ ತೊಳ್ಕೊಂಡು ಊಟಕ್ಕೆ ಬಾ." ಆಮೇಲೆ ನನ್ನ ಗಂಡನ ಕಡೆ ತಿರುಗಿದಳು. "ನೀನ್ಯಾಕೆ ಸತ್ತವರ ಮನೆ ಮುಖ ಮಾಡ್ಕೊಂಡಿದ್ದೀಯ? ನಿನ್ನ ಹೆಂಡತಿ ಕೊಟ್ಟ ಮಾತು ಉಳಿಸಿದ್ದೀಯ. ಕೂತ್ಕೋ."

ಥರ್ಮನ್ ಜೋಳದ ರೊಟ್ಟಿ ಮುರಿದರು, ಬಾಯಿಗಿಡಲಾಗಲಿಲ್ಲ. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಎರಡೇ ಸಲ. ಇದು ಒಂದು, ಇನ್ನೊಂದು ಅವರ ತಾಯಿ ತೀರಿಕೊಂಡಾಗ. ರೋಜೆಲ್ ತನ್ನ ತಟ್ಟೆಯಿಂದ ದೊಡ್ಡ ಮಾಂಸದ ತುಂಡು ತೆಗೆದು ಅವರ ತಟ್ಟೆಗೆ ಹಾಕಿದ. "ತಿನ್ನಿ ಸರ್. ಮುಂದಿನ ವರ್ಷ ಮತ್ತೆ ಅಷ್ಟು ದೂರ ಗಾಡಿ ಓಡಿಸ್ಬೇಕಲ್ಲ."

ಅಲ್ಲಿಂದ ಅವನನ್ನು ದಪ್ಪ ಮಾಡುವ ಕೆಲಸ ಎರಡು ಮನೆಗೆ ಬಂತು. ಹಗಲು ಅವನು ಮರದ ಮಿಲ್ಲಿನಲ್ಲಿ ದಿಮ್ಮಿ ಹೊರುತ್ತಿದ್ದ. ಸಂಜೆ ಅಜ್ಜಿ ಬಡಿಸುತ್ತಿದ್ದಳು. ಶನಿವಾರ ನಾವು ಹೋಗುವಾಗ ನನ್ನ ಪಾತ್ರೆಗಳೂ ಕಾರು ತುಂಬುತ್ತಿದ್ದವು. ಗೆಣಸಿನ ಪೈ, ಹಂದಿ ಮಾಂಸ, ಹಾಲು, ಮತ್ತೆ ಪೈ. "ಅತ್ತೆ, ಸಾಕು, ಕೈ ಮುಗೀತೀನಿ," ಅನ್ನುತ್ತಿದ್ದ. "ಮುಗಿದ ಕೈಯಲ್ಲೇ ಚಮಚ ಹಿಡಿ," ಅನ್ನುತ್ತಿದ್ದೆ. ಊಟವಾದ ಮೇಲೆ ಥರ್ಮನ್ ಅವನನ್ನು ನದಿ ಏರಿಯ ಮೇಲೆ ಓಡಿಸುತ್ತಿದ್ದರು. ತಾವು ಕಾರಿನಲ್ಲಿ ಕೂತು, ಕಿಟಕಿಯಿಂದ ತಲೆ ಹೊರಹಾಕಿ ಬೈಯುತ್ತಿದ್ದರು.

ವಸಂತ ಬಂದಾಗ ಹೆನಿಗನ್‌ಗೆ ಫೋನ್ ಮಾಡಿದರು.

"ಹೋದ ವರ್ಷ ಬೇಡ ಅಂದವನನ್ನ ಮತ್ತೆ ಯಾಕೆ ತರ್ತೀಯ ಥರ್ಮನ್?"

"ಇವನು ಬೇರೆ ಹುಡುಗ ಸರ್. ಹೋದ ವರ್ಷದವನನ್ನ ಇವನು ನುಂಗಿಬಿಟ್ಟಿದ್ದಾನೆ."

ಆ ಬೇಸಗೆ ರೋಜೆಲ್‌ಗೆ ಯಾರೂ ಹೊರಡು ಅನ್ನಲಿಲ್ಲ. ಬಹಳ ವರ್ಷ ಆಡಿದ. ದೊಡ್ಡ ಹೆಸರು ಬರಲಿಲ್ಲ. ಅವನು ಆಡುವ ಜಾಗದವರ ಹೆಸರು ಪತ್ರಿಕೆಯವರು ಬರೆಯುವುದು ಅವರು ತಪ್ಪು ಮಾಡಿದಾಗ ಮಾತ್ರ. ಆದರೆ ಜೊತೆಯ ಆಟಗಾರರು ಅವನ ಪಕ್ಕ ನಿಲ್ಲಲು ಇಷ್ಟಪಡುತ್ತಿದ್ದರಂತೆ. ಮೊದಲ ವರ್ಷದ ಚಳಿಗಾಲದಲ್ಲಿ ನಾನು ಅಜಲೀ ಅಜ್ಜಿಯನ್ನು ಕರೆದುಕೊಂಡು ಉತ್ತರಕ್ಕೆ ಹೋದೆ. ಅವಳು ಇದ್ದಬದ್ದ ಕೋಟುಗಳನ್ನೆಲ್ಲ ಒಂದರ ಮೇಲೊಂದು ತೊಟ್ಟಿದ್ದಳು. ಆಟ ಮುಗಿದು ರೋಜೆಲ್ ಬಂದಾಗ, ಆ ದೈತ್ಯರ ನಡುವೆ ಅವನನ್ನು ನಿಲ್ಲಿಸಿ, ಕರವಸ್ತ್ರಕ್ಕೆ ಉಗುಳು ಹಚ್ಚಿ ಅವನ ಗಲ್ಲದ ಕೆಸರು ಒರೆಸಿದಳು. "ಕಿವಿ ಮುಚ್ಕೋ, ಗಾಳಿ ಇದೆ," ಅಂದಳು. ಅವನು ಎಲ್ಲರೆದುರೂ ಕಿವಿ ಮುಚ್ಚಿಕೊಂಡ.

ಥರ್ಮನ್ ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು. ಈಗ ಡ್ರಾಫ್ಟ್ ಅಂದರೆ ಟಿವಿಯಲ್ಲಿ ಮದುವೆ ಮನೆ ದೀಪಾಲಂಕಾರ, ಸೂಟು ಬೂಟು, ಸಂಗೀತ. ಸುತ್ತುಗಳೂ ಏಳಕ್ಕೆ ಇಳಿದಿವೆ, ಅದನ್ನೇ ಮೂರು ದಿನ ಎಳೆಯುತ್ತಾರೆ. ಮೊದಲ ದಿನ ಅವರು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಾರೆ. ಕೊನೆಯ ದಿನ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಕನ್ನಡಕ ಒರೆಸಿಕೊಂಡು ಟಿವಿ ಮುಂದೆ ಕೂರುತ್ತಾರೆ. ಮಧ್ಯೆ ನಾನು ಮಾತಾಡಿಸಿದರೆ ಸಿಡುಕು.

ಈ ವರ್ಷ ನಮ್ಮ ಪಕ್ಕದ ಊರಿನ ಹುಡುಗನೊಬ್ಬನ ಹೆಸರು ಬರಬಹುದೆಂದು ಎಲ್ಲರೂ ಕಾದಿದ್ದರು. ಕೊನೆಯ ಹೆಸರೂ ಕರೆದು ಮುಗಿಯಿತು, ಅವನದು ಬರಲಿಲ್ಲ. ಥರ್ಮನ್ ಟಿವಿ ಆರಿಸಿ ಕೋಲು ಹುಡುಕತೊಡಗಿದರು.

"ಎಲ್ಲಿಗ್ರೀ ಈಗ?"

"ಆ ಹುಡುಗನ ಮನೆಗೆ. ಹೆಸರು ಬಂದವರ ಮನೇಲಿ ಕಾಲಿಡೋಕೆ ಜಾಗ ಇರಲ್ಲ. ಇವನ ಮನೆಯವರು ಅಷ್ಟೊಂದು ಅಡುಗೆ ಮಾಡ್ಕೊಂಡು ಏನು ಮಾಡ್ತಿದ್ದಾರೋ ಏನೋ."

"ನೀವು ಈಗ ಯಾವ ತಂಡದವರೂ ಅಲ್ಲ. ಹೋಗಿ ಏನಂತ ಹೇಳ್ತೀರಾ?"

"ಹೇಳೋದೇನಿದೆ? ಊಟ ಮಾಡ್ಕೊಂಡು ಬರೋಣ."

ಅವರಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಕಾರಿನ ಬೀಗದ ಕೈ ನಾನೇ ತೆಗೆದುಕೊಂಡೆ.